ಮಳೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಕಾಲಂ

ಅವರು ಹೇಳಿಕೊಂಡು ಬಂದದ್ದು ಎದೆಯುರಿ. ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿ ಏನೂ ಸಿಗದೆ, ಮಡಿಕೇರಿಯ ಮನೋವೈದ್ಯನಾದ ನನ್ನ ಪಾಲಿಗೆ ಬಂದಿದ್ದರು. ವಯಸ್ಸು 46. ಗೋಣಿಕೊಪ್ಪದ ಕಡೆಯ ತೋಟದ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. (ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ.) ಮೂರನೆಯ ಭೇಟಿಯಲ್ಲಿ ಬಾಯಿ ಬಿಟ್ಟರು: “ಡಾಕ್ಟರೇ, ಎಐ ನನ್ನ ಕೆಲಸ ಕಸಿಯುತ್ತದೆ ಎಂಬ ದಿಗಿಲಿಗೆ ರಾತ್ರಿ ಎರಡರವರೆಗೆ ಎಐ ವಿಡಿಯೋ ನೋಡುತ್ತೇನೆ. ನಾಲ್ಕು ಕೋರ್ಸ್‌ಗೆ ದುಡ್ಡು ಕಟ್ಟಿದ್ದೇನೆ. ಒಂದನ್ನೂ ಮುಗಿಸಿಲ್ಲ.”

ಗುಟ್ಟು ಆ ನಾಲ್ಕು ಕೋರ್ಸ್‌ಗಳಲ್ಲೇ ಇತ್ತು. ಚಿಲಕ ಹಾಕಿದ್ದೇನೆಯೇ ಎಂದು ಹತ್ತು ಸಲ ಎದ್ದು ನೋಡುವವರಿಗೆ ಪ್ರತಿ ಸಲವೂ ಗಳಿಗೆಯ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಹನ್ನೊಂದನೆಯ ಸಲ ಎಬ್ಬಿಸುತ್ತದೆ. ದುಡ್ಡು ಕಟ್ಟಿದ ಎರಡು ದಿನ ಇವರಿಗೂ ಒಳ್ಳೆಯ ನಿದ್ದೆ. ಮೂರನೆಯ ದಿನ ಮತ್ತೆ ದಿಗಿಲು. ಕಲಿಕೆಯ ವೇಷ ತೊಟ್ಟ ಆತಂಕವನ್ನು ಮನೆಯವರೂ ಮೆಚ್ಚುವುದರಿಂದ ಅದು ಬೇಗ ಪತ್ತೆಯಾಗುವುದಿಲ್ಲ.

ಕೊಡಗಿನಲ್ಲಿ ನನಗೊಂದು ಅನುಕೂಲವಿದೆ. ತೋಟದ ಮನೆಗಳಲ್ಲಿ ಮಳೆಮಾಪಕವಿರುತ್ತದೆ, ಪಕ್ಕದಲ್ಲಿ ಪುಸ್ತಕ: ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ). ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟದ್ದನ್ನೂ ಅಳೆದು ಬರೆದಿಡುವ ಜನ ನಾವು. ಆ ಪುಸ್ತಕದಲ್ಲೇ ಇನ್ನೊಂದು ಕಾಲಂ ಎಳೆಯಿರಿ ಎಂದೆ. ಹೊಸ ಕೋರ್ಸ್ ಬೇಡ. ದಿನಕ್ಕೆ ಅರ್ಧ ಗಂಟೆ, ಕಂಪನಿಯ ಗುಟ್ಟಿಲ್ಲದ ಒಂದು ಕೆಲಸವನ್ನು ಎಐಗೆ ಒಪ್ಪಿಸಿ. ಮೊದಲೊಮ್ಮೆ, ಆಮೇಲೊಮ್ಮೆ ಭಯಕ್ಕೆ ಹತ್ತರಲ್ಲಿ ಅಂಕ ಕೊಡಿ.

ಮೊದಲ ಪುಟ ಹೀಗಿತ್ತು: “ಮಳೆ 0.40. ಸಾಫ್ಟ್‌ವೇರ್‌ನಲ್ಲಿ ಏನೇನು ಪರೀಕ್ಷಿಸಬೇಕು ಎಂಬ ಪಟ್ಟಿ ಬರೆಸಿದೆ. ಭಯ 9. ಬಂದದ್ದು 40. ಸರಿ 31, ಹೇಳಿದ್ದನ್ನೇ ಹೇಳಿದ್ದು 6, ನಮ್ಮಲ್ಲಿ ಇಲ್ಲವೇ ಇಲ್ಲದ ಬಟನ್ ಬಗ್ಗೆ 3. ಭಯ 5.” ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕುತ್ತ ಬರೆಯುವ ಯಂತ್ರ ಅದು; ಇಲ್ಲದ್ದನ್ನೂ ಇರುವಷ್ಟೇ ಧೈರ್ಯದಿಂದ ಹೇಳುತ್ತದೆ.

ವಿಡಿಯೋಗಳ ಭವಿಷ್ಯವಾಣಿಗಳನ್ನೂ ತಾರೀಖಿನೊಂದಿಗೆ ಬರೆಯಲು ಹೇಳಿದ್ದೆ. ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರಾದ ರೇಡಿಯಾಲಜಿಸ್ಟ್‌ಗಳ ತರಬೇತಿಯನ್ನು ಈಗಲೇ ನಿಲ್ಲಿಸಬೇಕು ಎಂದು ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ನನ್ನ ರೋಗಿಗಳ ಸ್ಕ್ಯಾನ್ ವರದಿಗೆ ಇಂದಿಗೂ ರೇಡಿಯಾಲಜಿಸ್ಟರ ಸಹಿಯೇ ಬೀಳುತ್ತಿದೆ.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟವರಿಗೆ ಪುಸ್ತಕ ಸಾಲದು, ವೈದ್ಯರು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಉಳಿದ ಆ ಐದು ಅಂಕ ಮಾತ್ರ ಕಾಯಿಲೆಯಲ್ಲ. 31 ಸರಿಯಾಗಿಯೇ ಇದ್ದವಲ್ಲ! ಅವರ ತಂಡದಿಂದ ಇಬ್ಬರನ್ನು ಕೆಲಸದಿಂದ ತೆಗೆದದ್ದೂ ನಿಜ. ಅದಕ್ಕೆ ನನ್ನಲ್ಲಿ ಮಾತ್ರೆ ಇಲ್ಲ. ಸಂಬಳ ನಿಂತರೆ ಸಾಲದ ಕಂತನ್ನು ಎಷ್ಟು ತಿಂಗಳು ಕಟ್ಟಬಹುದು ಎಂಬ ಲೆಕ್ಕ ಬೇಕಿತ್ತು. ಅದನ್ನು ಅವರು ಹೆಂಡತಿಯ ಮುಂದೆ ಬಿಚ್ಚಿರಲೇ ಇಲ್ಲ. ಒಂದು ಭಾನುವಾರ ಬಿಚ್ಚಿದರು. ಎಲ್ಲ ಕೇಳಿ ಆಕೆ ಅಂದದ್ದು ಒಂದೇ ಮಾತಂತೆ: “ಇದನ್ನು ಹೇಳುವುದಕ್ಕೆ ಎಂಡೋಸ್ಕೋಪಿ ತನಕ ಹೋಗಬೇಕಿತ್ತಾ?”