ವಕೀಲರ ಬಿಲ್ ಬಂದದ ಅಂದ್ರ ಮೊದಲ ಲೆಕ್ಕ ಕೇಳ್ರಿ

ಚಿತ್ತಾಪುರ ಕಡಿಯಿಂದ ಒಬ್ಬ ತಂಗಿ ಅವರಣ್ಣನ ಸಂಗಟ ನಮ್ಮ ವಕೀಲಿ ಆಫೀಸಿಗಿ ಬಂದಿದ್ಳು, ಕೈಯಾಗ ಒಂದು ಹಾಳಿ, ಅದರ ಕೆಳಗ 1,13,960 ರೂಪಾಯಿ ಬಾಕಿ ಅಂತ ಬರದಿತ್ತು. ಕಲಬುರಗಿ ಫ್ಯಾಮಿಲಿ ಕೋರ್ಟಿನ್ಯಾಗ ಮೂರು ವರ್ಷ ಕೇಸ್ ನಡದು, ಡೈವೋರ್ಸ್ ಆಗಿ, ಗಂಡ ಜೀವನಾಂಶ ಅಂತ ಒಮ್ಮಿಗೇ 6 ಲಕ್ಷ ಕೊಡಬೇಕು ಅಂತ ಆರ್ಡರ್ ಆಗಿ ಇನ್ನೂ ತಿಂಗಳು ತುಂಬಿರ್ಲಿಲ್ಲ, ಅಷ್ಟ್ರಾಗ ಆಕಿ ವಕೀಲರ ಕಡಿಯಿಂದ ಈ ಬಿಲ್. ಆಕಿ ನನಗ ಕೇಳಿದ್ದು ಒಂದ ಮಾತು, "ಮೇಡಂ, ನಿಮಗ ಅವರ ಗುರ್ತು ಅದ, ಒಂದು ಮಾತು ಹೇಳಿ ಸ್ವಲ್ಪ ಕಡಿಮಿ ಮಾಡಸ್ರಿ."

ನಾ ಅಂದೆ, ಕಡಿಮಿ ಮಾಡ್ರಿ ಅಂತ ನಾ ಹೇಳಲ್ಲ ತಂಗಿ, ನೀನೂ ಹೇಳಬ್ಯಾಡ. ಕಡಿಮಿ ಮಾಡ್ರಿ ಅಂದ್ರ ಬಿಲ್ ಖರೆ ಅದ, ನನ್ನ ಹತ್ರ ರೊಕ್ಕ ಇಲ್ಲ ಅಷ್ಟ ಅಂತ ಒಪ್ಪಿಕೊಂಡಂಗ ಆಗ್ತದ. ಮೊದಲ ಲೆಕ್ಕ ಕೇಳೋದು. ನಮ್ಮ ಭಾಗದ ಮಂದಿ ಲೆಕ್ಕ ಕೇಳಕ್ಕ ಹೆದರೋರಲ್ಲ, ಗಂಜ್‌ನ್ಯಾಗ ತೊಗರಿ ಹಾಕಿದ್ರ ಅಡತಿ ಅಂಗಡಿಯವ ಕೊಟ್ಟ ಚೀಟಿ ಹಿಡಕೊಂಡು ಹಮಾಲಿ ಎಷ್ಟು ಹಿಡದಿ, ತೂಕದಾಗ ಎಷ್ಟು ಹೋಯ್ತು ಅಂತ ಒಂದೊಂದು ಸಾಲಿನ ಮ್ಯಾಲ ಬೆರಳಿಟ್ಟು ಕೇಳ್ತಾರ. ಅದೇ ಮನಷಾ ವಕೀಲರ ಮುಂದ ಕುಂತ್ರ ಬಾಯಿ ಬರಲ್ಲ. ಅದರಾಗೂ ಡೈವೋರ್ಸ್ ಕೇಸ್ ಅಂದ್ರ ಮನಿ ಒಳಗಿನ ಮಾತೆಲ್ಲ ಆ ವಕೀಲರಿಗಿ ಗೊತ್ತಿರ್ತದ, ಅವರ ಮುಂದ ಕುಂತು ಅತ್ತಿರ್ತಾರ, ಈಗ ಅವರ ಸಂಗಟ ರೊಕ್ಕದ ಮಾತು ಹೆಂಗ ತೆಗೀಬೇಕು ಅಂತ ಸಂಕೋಚ. ಈ ಸಂಕೋಚದ ಮ್ಯಾಲೇ ಎಷ್ಟೋ ಬಿಲ್ ನಿಂತಿರ್ತಾವ, ಇದೇ ಕೆಲಸದಾಗ ಇರೋಳಾಗಿ ನನಗ ಇದು ಹೇಳಕ್ಕ ನೋವಾಗ್ತದ, ಆದ್ರ ಹೇಳ್ಲೇಬೇಕು.

ಹಾಳಿ ಬಿಚ್ಚಿ ನೋಡಿದ್ವಿ. ತಾರೀಖಿಗಿ ಹಾಜರಾಗಿದ್ದು 26 ಸಲ, ಒಂದಕ್ಕ 1,500ರಂಗ 39,000. ಅರ್ಜಿ, ಅಫಿಡವಿಟ್, ಮಧ್ಯಂತರ ಅರ್ಜಿ ಬರದಿದ್ದಕ್ಕ 15,000. ಇತರೆ ಖರ್ಚು 8,000. ಜೀವನಾಂಶದ 10 ಪರ್ಸೆಂಟ್ ಅಂತ 60,000. ಕೂಡಿ 1,22,000, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ 21,960, ಮೊದಲ ಕೊಟ್ಟ 30,000 ಕಳದು ಉಳದದ್ದು ಈ ಬಾಕಿ. ವಕಾಲತ್ತಿಗಿ, ಅಂದ್ರ ನನ್ನ ಕೇಸ್ ಇವರು ನಡಸಲಿ ಅಂತ ಕೊಡೋ ಒಪ್ಪಿಗಿ ಪತ್ರಕ್ಕ, ಸೈ ಹಾಕಿಸ್ಕೊಂಡ ದಿನ "ಮೂವತ್ತು ಸಾವಿರ ಆಗ್ತದ" ಅಂದಿದ್ರಂತ. ಎಲ್ಲಾ ಸೇರಿ ಮೂವತ್ತು ಅಂತ ಇವರು ತಿಳಕೊಂಡಾರ, ಈಗ ಶುರುವಿಗಿ ಮೂವತ್ತು ಅಂತ ಅವರು ತಿಳಕೊಂಡಾರ, ಯಾರ ಹತ್ರಾನೂ ಒಂದು ಸಾಲು ಬರದಿದ್ದಿಲ್ಲ.

ಆ 60,000ದ ಸಾಲು ನೋಡಿದ ಕೂಡ್ಲೇ ಪೆನ್ನಿಲೇ ಗುಂಡು ಹಾಕಿದೆ. ಗೆದ್ದ ರೊಕ್ಕದಾಗ ಇಷ್ಟು ಪಾಲು ಅಂತ ವಕೀಲರು ಫೀಸ್ ಇಡಂಗಿಲ್ಲ, ವಕೀಲರ ನಡತಿಗಿ ನಿಯಮ ಮಾಡೋ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 20 ಇದನ್ನ ನೇರ ನಿಷೇಧ ಮಾಡ್ತದ. 2017ರ ಡಿಸೆಂಬರ್ 5ಕ್ಕ ಸುಪ್ರೀಂ ಕೋರ್ಟ್ ಬಿ. ಸುನೀತಾ ವಿರುದ್ಧ ತೆಲಂಗಾಣ ರಾಜ್ಯ ಅನ್ನೋ ಕೇಸಿನ್ಯಾಗ ಇದನ್ನೇ ಮತ್ತ ಹೇಳ್ತು, ಅಲ್ಲಿ ಗಂಡ ಆ್ಯಕ್ಸಿಡೆಂಟ್‌ನ್ಯಾಗ ತೀರಿಕೊಂಡ ಹೆಣ್ಣುಮಗಳಿಗಿ ಪರಿಹಾರ ಬಂದಿತ್ತು, ಪರಿಹಾರದ ಪರ್ಸೆಂಟ್ ಲೆಕ್ಕದಾಗ ವಕೀಲರು ಫೀಸ್ ಕೇಳಿ ಚೆಕ್ ತಗೊಂಡಿದ್ರು, ಚೆಕ್ ಬೌನ್ಸ್ ಆದ ಮ್ಯಾಲ ಆಕಿ ಮ್ಯಾಲೇ ಕೇಸ್ ಹಾಕಿದ್ರು. ಕೋರ್ಟ್ ಆ ಚೆಕ್ ಕೇಸ್ ರದ್ದು ಮಾಡ್ತು. ಜೀವನಾಂಶ ಅಂದ್ರ ಆ ಹೆಣ್ಣುಮಗಳು ನಾಳಿ ಊಟ ಮಾಡೋ ರೊಕ್ಕ, ಅದರಾಗ ಪಾಲು ಕೇಳೋದು ನನಗಂತೂ ಯಾವತ್ತೂ ಸೇರಿಲ್ಲ. ನಮ್ಮ ಕಡಿ ಇದು ನಡೀತದ, ಬಾಯಿಮಾತಿಲೇ ನಡೀತದ, ಅದಕ್ಕ ಬಿಲ್ಲಿನ್ಯಾಗ ಬರದು ಕೊಟ್ಟಿದ್ದು ಒಂದು ಲೆಕ್ಕದಾಗ ಈ ತಂಗಿಗಿ ಛಲೋನೇ ಆಯ್ತು.

ಜಿಎಸ್‌ಟಿ ಮಾತೂ ಅಷ್ಟ. ವ್ಯಾಪಾರ ಸಂಸ್ಥೆ ಅಲ್ಲದ ಸಾಮಾನ್ಯ ಮನಷಾಗ ವಕೀಲರು ಮಾಡೋ ಕೆಲಸಕ್ಕ ಜಿಎಸ್‌ಟಿ ವಿನಾಯಿತಿ ಅದ, 2017ರ ನೋಟಿಫಿಕೇಶನ್ನಿನ್ಯಾಗೇ ಅದ. ಡೈವೋರ್ಸ್ ಕೇಸಿನ ಬಿಲ್ಲಿನ್ಯಾಗ 18 ಪರ್ಸೆಂಟ್ ಸಾಲು ಕಂಡ್ರ ಯಾಕ ಹಾಕೀರಿ ಅಂತ ಕೇಳ್ರಿ.

ಇನ್ನ ತಾರೀಖಿನ ಲೆಕ್ಕ, ಇಲ್ಲಿ ಸ್ವಲ್ಪ ತಾಳ್ಮಿ ಬೇಕಾಗ್ತದ. ಪ್ರತಿ ಕೇಸಿಗಿ 16 ಅಕ್ಷರ ಅಂಕಿಗಳ ಸಿಎನ್ಆರ್ ನಂಬರ್ ಅಂತ ಇರ್ತದ, ಇ-ಕೋರ್ಟ್ಸ್ ಆ್ಯಪಿನ್ಯಾಗ ಅದನ್ನ ಹಾಕಿದ್ರ ಕೇಸ್ ಶುರುವಾದಾಗಿಂದ ಯಾವ್ಯಾವ ತಾರೀಖು ಆದ್ವು ಅಂತ ಪಟ್ಟಿ ಬರ್ತದ, ತಾರೀಖಿನ ಮ್ಯಾಲ ಒತ್ತಿದ್ರ ಅವತ್ತು ಏನಾಯ್ತು ಅಂತ ಒಂದೆರಡು ಸಾಲು ಸಿಗ್ತದ. ಇನ್ನೂ ಗಟ್ಟಿ ಬೇಕಂದ್ರ ತಾರೀಖಿಗೊಮ್ಮಿ ಏನಾಯ್ತು ಅಂತ ಕೋರ್ಟ್ ಬರದಿಡೋ ಆರ್ಡರ್ ಶೀಟಿನ ದೃಢೀಕೃತ ನಕಲಿಗಿ ಅರ್ಜಿ ಹಾಕ್ರಿ, ಕೇಸಿನ ಪಾರ್ಟಿ ಆದ ನೀವೇ ಹಾಕಬಹುದು. ನಾವು ಆರ್ಡರ್ ಶೀಟ್ ತೆಗಸಿ ನೋಡಿದ್ವಿ. 26 ತಾರೀಖು ಇದ್ದದ್ದು ಖರೆ, ಆದ್ರ 5 ತಾರೀಖಿಗಿ ಜಡ್ಜ್ ಸಾಹೇಬ್ರು ರಜಾ, 2 ತಾರೀಖಿಗಿ ವಕೀಲರೇ ಕಲಾಪದಿಂದ ದೂರ ಉಳದಿದ್ರು, ಇನ್ನ 4 ತಾರೀಖು ಎದುರಿನವರಿಗಿ ಸಮನ್ಸ್ ಮುಟ್ಟಿಲ್ಲ ಅಂತ ಮುಂದ ಹೋಗಿದ್ವು. ಅಣ್ಣಗ ಸಿಟ್ಟು ಬಂತು, ಈ ಹನ್ನೊಂದೂ ಹೊಡದ ಹಾಕ್ರಿ ಅಂದ. ನಾ ಒಪ್ಪಲಿಲ್ಲ. ಸಮನ್ಸ್ ಮುಟ್ಟಿಲ್ಲಾಂದ್ರೂ ಕೇಸ್ ಕರದಾಗ ವಕೀಲರು ಎದ್ದು ನಿಂತು ಮತ್ತ ಸಮನ್ಸ್ ಕಳಸ್ರಿ ಅಂತ ಕೇಳ್ಲೇಬೇಕು, ಖರ್ಚು ಕಟ್ಟಬೇಕು, ಮುಂಜಾನಿಯಿಂದ ಕಾಯಬೇಕು, ಅದು ಕೆಲಸಾನೇ. ಜಡ್ಜ್ ರಜಾ ಇದ್ದಾಗ ಬೆಂಚ್ ಕ್ಲರ್ಕ್ ಹತ್ರ ಮುಂದಿನ ತಾರೀಖು ಬರಕೊಂಡು ಬಂದಿದ್ದಕ್ಕ, ಅವರೇ ಕೋರ್ಟಿಗಿ ಹೋಗದ ದಿನಕ್ಕ 1,500 ಹಾಕೋದು ಮಾತ್ರ ಸರಿ ಅಲ್ಲ. ಹಂಗಾಗಿ 7 ಕಳದು 19 ತಾರೀಖು, 28,500. ಇದು ಕಾನೂನಿನ ಪುಸ್ತಕದಾಗ ಬರದ ಲೆಕ್ಕ ಅಲ್ಲ, ನನ್ನ ವಿಚಾರ, ಬ್ಯಾರೆ ವಕೀಲರು ಬ್ಯಾರೆ ಹೇಳಬಹುದು.

ಅರ್ಜಿ ಬರದ 15,000ಕ್ಕ ನಾ ಕೈ ಹಚ್ಚಲಿಲ್ಲ. ಫೈಲ್ ಓದಿದ್ದೆ, ಛಲೋ ಬರದಿದ್ರು, ಆ ಅಫಿಡವಿಟ್ ಇಲ್ಲಾಂದ್ರ 6 ಲಕ್ಷ ಬರ್ತಿರ್ಲಿಲ್ಲ.

ಇತರೆ ಖರ್ಚು 8,000 ಅಂದ್ರ ಏನು? ಕೋರ್ಟ್ ಫೀ ಸ್ಟ್ಯಾಂಪ್, ಸಮನ್ಸ್ ಕಳಸೋ ಪ್ರೊಸೆಸ್ ಫೀ, ಟೈಪಿಂಗ್, ಝೆರಾಕ್ಸ್, ನೋಟರಿ, ನಕಲು ಅರ್ಜಿ, ಎಲ್ಲಾ ಇರ್ತಾವ, ಇರ್ಬೇಕು. ಆದ್ರ ಬಾರ್ ಕೌನ್ಸಿಲ್ ನಿಯಮ 25ರಿಂದ 27ರ ತನಕ ಓದಿದ್ರ ಗೊತ್ತಾಗ್ತದ, ಕಕ್ಷಿದಾರರ ರೊಕ್ಕಕ್ಕ ವಕೀಲರು ಲೆಕ್ಕ ಇಡಬೇಕು, ಬಂದಿದ್ದು ಫೀಸಿಗಿ ಬಂತೋ ಖರ್ಚಿಗಿ ಬಂತೋ ಅಂತ ಬ್ಯಾರೆ ಬ್ಯಾರೆ ತೋರಸಬೇಕು. ನಿಯಮ 30ರ ಪ್ರಕಾರ ಕಕ್ಷಿದಾರರು ಕೇಳಿದ್ರ, ನಕಲಿನ ಖರ್ಚು ಕೊಟ್ರ, ಆ ಲೆಕ್ಕದ ಪ್ರತಿ ಕೊಡ್ಲೇಬೇಕು. ಅಂದ್ರ ನೀವು ಲೆಕ್ಕ ಕೇಳೋದು ಜಗಳ ತೆಗದಂಗಲ್ಲ, ಅದು ನಿಮ್ಮ ಹಕ್ಕು.

ಅದೇ ಟೈಮಿಗಿ ನಾ ಆಕಿಗಿ ಕೇಳಿದೆ, ನೀ ಏನೇನು ಕೊಟ್ಟಿ ಹೇಳು. ಮೂವತ್ತು ಅಷ್ಟ ಮೇಡಂ ಅಂದ್ಳು. ಮೊಬೈಲ್ ತೆಗಿ ಅಂದೆ. ಫೋನ್‌ಪೇ ಹಿಸ್ಟರಿ ತೆಗದ್ರ ವಕೀಲರ ಕ್ಲರ್ಕ್ ನಂಬರಿಗಿ ತಾರೀಖಿಗೊಮ್ಮಿ 500ರಂಗ 14 ಸಲ ಹೋಗ್ಯಾವ, 7,000 ರೂಪಾಯಿ. ಆಕಿ ಅದನ್ನ ಲೆಕ್ಕಕ್ಕೇ ಹಿಡದಿಲ್ಲ, "ಅದು ಖರ್ಚಿಗಿ ಅಂತ ಕೇಳಿದ್ರು" ಅಂತಾಳ. ಖರ್ಚಿಗಿ ಕೊಟ್ಟ ಮ್ಯಾಲ ಖರ್ಚು ಬಿಲ್ಲಿನ್ಯಾಗ ಮತ್ತ ಯಾಕ ಬಂತು? ನಗದು ಕೊಟ್ಟೋರಿಗಿ ಈ ಸಾಕ್ಷಿನೂ ಇರಲ್ಲ, ಹಿಂಗಾಗಿ ನೂರು ರೂಪಾಯಿ ಇದ್ರೂ ಫೋನ್‌ಪೇ ಮಾಡ್ರಿ, ಯಾವುದಕ್ಕ ಅಂತ ಒಂದು ಪದ ಬರದು ಕಳಸ್ರಿ. ಇನ್ನೊಂದು ಜಾಗ ನೋಡಬೇಕು: ಹಿಂದೂ ವಿವಾಹ ಕಾಯ್ದೆ ಕಲಂ 24ರ ಕೆಳಗ ಆದಾಯ ಇಲ್ಲದವರಿಗಿ ಕೇಸಿನ ಖರ್ಚು ಎದುರಿನವರೇ ಕೊಡಬೇಕು ಅಂತ ಕೋರ್ಟ್ ಆರ್ಡರ್ ಮಾಡಬಹುದು, ಹಂಗ ಆರ್ಡರ್ ಆಗಿದ್ರ ಆ ರೊಕ್ಕ ಯಾರ ಕೈಗಿ ಬಂತು, ಬಿಲ್ಲಿನ್ಯಾಗ ಕಳದಾರೇನು ಅಂತ ಕೇಳ್ರಿ.

ಆಮ್ಯಾಲ ಒಂದು ಪತ್ರ ಬರಸಿದೆ, ಆಕಿ ಕೈಯಿಂದಾನೇ, ಕನ್ನಡದಾಗ, ಅರ್ಧ ಹಾಳಿ. "ಸರ್, ನೀವು ನನ್ನ ಕೇಸ್ ನಡೆಸಿ ಕೊಟ್ಟಿದ್ದಕ್ಕೆ ಧನ್ಯವಾದ. ನೀವು ಕಳಿಸಿದ ಬಿಲ್ ತಲುಪಿದೆ. ಫೀಸು ಮತ್ತು ಖರ್ಚಿನ ಲೆಕ್ಕವನ್ನು ಬೇರೆ ಬೇರೆ ಮಾಡಿ, ರಸೀದಿ ಇದ್ದರೆ ನಕಲು ಸಮೇತ ಕೊಡಬೇಕು. ನಾನು ಇಲ್ಲಿಯವರೆಗೆ ಕೊಟ್ಟ 37,000 ರೂಪಾಯಿಯ ವಿವರ ಇದರ ಜೊತೆ ಇದೆ. ಜೀವನಾಂಶದ ಮೇಲಿನ ಪರ್ಸೆಂಟ್ ಮತ್ತು ಜಿಎಸ್‌ಟಿ ನನಗೆ ಒಪ್ಪಿಗೆ ಇಲ್ಲ. ಲೆಕ್ಕ ನೋಡಿ ನ್ಯಾಯವಾಗಿ ಬರುವ ಬಾಕಿ ಕೊಡುತ್ತೇನೆ." ಇಷ್ಟ. ಸ್ಪೀಡ್ ಪೋಸ್ಟ್ ಮಾಡಿ, ವಾಟ್ಸಾಪಿಗೂ ಫೋಟೊ ಹಾಕಿದ್ಳು. ಕಡೀ ಸಾಲು ಬಿಡಬ್ಯಾಡ್ರಿ, ನ್ಯಾಯದ ಬಾಕಿ ಕೊಡ್ತೀನಿ ಅನ್ನೋ ಮಾತಿಗಿ ಎದುರಿನವರ ಸಿಟ್ಟು ಅರ್ಧ ಇಳೀತದ, ನಾಳಿ ಕೋರ್ಟಿಗಿ ಹೋದ್ರೂ ಆ ಸಾಲು ನಿಮ್ಮ ಪರವಾಗೇ ನಿಲ್ತದ.

ಎಂಟು ದಿವಸಕ್ಕ ಆ ವಕೀಲರು ಕರದ್ರು. ಇತರೆ ಖರ್ಚಿನ್ಯಾಗ ರಸೀದಿ ಸಿಕ್ಕಿದ್ದು 3,200ಕ್ಕ. 28,500, 15,000, 3,200 ಕೂಡಿ 46,700, ಅದರಾಗ 37,000 ಕಳದು 9,700 ಅಂತ ತೀರ್ಮಾನ ಆಯ್ತು. "ಎಲ್ಲಾ ಸೇರಿ ಮೂವತ್ತು" ಅನ್ನೋ ಮಾತು ಎತ್ತಬ್ಯಾಡ ಅಂತ ನಾನೇ ಹೇಳಿದ್ದೆ, ಕಾಗದ ಇಲ್ಲದ ಮಾತು ಹಿಡದು ಎಳದ್ರ ಆಗೋ ಕೆಲಸಾನೂ ಕೆಡ್ತದ. 9,700 ಕೊಟ್ಟು, "ಪೂರ್ತಿ ಫೀಸ್ ಮುಟ್ಟಿದೆ" ಅಂತ ರಸೀದಿ ತಗೊಂಡು, ಫೈಲ್ ಹಿಡಕೊಂಡು ಬಂದ್ಳು.

ಎಲ್ಲರಿಗೂ ಹಿಂಗ ಸಲೀಸ ಆಗಲ್ಲ, ಗೊತ್ತದ. ಭಾಳ ಮಂದಿಗಿ ಸಿಗೋ ಉತ್ತರ "ರೊಕ್ಕ ಇಟ್ಟು ಫೈಲ್ ಒಯ್ರಿ". ವಾಚ್ ರಿಪೇರಿ ಮಾಡಿದವ ಕೂಲಿ ಕೊಡೋ ತನಕ ವಾಚ್ ಇಟ್ಕೋಬಹುದು, ವಕೀಲರು ಹಂಗ ಫೈಲ್ ಇಟ್ಕೊಳ್ಳಂಗಿಲ್ಲ. 2000ದಾಗ ಆರ್.ಡಿ. ಸಕ್ಸೇನಾ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಇದನ್ನ ಸ್ವಚ್ಛ ಹೇಳ್ಯಾದ, ಕೇಸಿನ ಕಾಗದ ಅಡ ಇಡೋ ಸಾಮಾನಲ್ಲ, ಫೀಸ್ ಬಾಕಿ ಇದ್ರ ವಕೀಲರು ದಾವಾ ಹಾಕಿ ವಸೂಲಿ ಮಾಡಲಿ, ಫೈಲ್ ಮಾತ್ರ ಹೊಳ್ಳಿ ಕೊಡಬೇಕು. ಕೇಸ್ ಇನ್ನೂ ನಡದಿದ್ದು ವಕೀಲರನ್ನ ಬದಲಿ ಮಾಡಬೇಕು, ಹಳಬರು ಎನ್ಒಸಿ, ಅಂದ್ರ ನನ್ನ ತಕರಾರಿಲ್ಲ ಅನ್ನೋ ಪತ್ರ, ಕೊಡವಲ್ರು ಅಂದ್ರ ಹೊಸ ವಕೀಲರು ಕೋರ್ಟಿನ ಪರವಾನಗಿ ಕೇಳಿ ವಕಾಲತ್ ಹಾಕಬಹುದು, ಬಾರ್ ಕೌನ್ಸಿಲ್ ನಿಯಮ 39ರಾಗ ಅದಕ್ಕ ದಾರಿ ಅದ. ಹಳಬರು ನಡುವೇ ಬಿಟ್ಟು ಹೋದ್ರ ಮಾಡದ ಕೆಲಸದ ಫೀಸ್ ಹೊಳ್ಳಿ ಕೊಡಬೇಕು ಅಂತ ನಿಯಮ 12 ಹೇಳ್ತದ.

ಸಹಿ ಮಾಡಿದ ಖಾಲಿ ಚೆಕ್ ಯಾರಿಗೂ ಕೊಡಬ್ಯಾಡ್ರಿ. ಕೊಟ್ಟೇ ಬಿಟ್ಟೀರಿ, ಅದು ಬೌನ್ಸ್ ಆಗಿ ನೋಟಿಸ್ ಬಂತು ಅಂದ್ರ 15 ದಿವಸದ ಒಳಗ ಕೆಲಸ ಮಾಡಬೇಕು, ಕೊಡೋ ರೊಕ್ಕ ಇದ್ರ ಕೊಡ್ರಿ, ಇಲ್ಲಾಂದ್ರ ಬ್ಯಾರೆ ವಕೀಲರ ಕಡಿಯಿಂದ ಉತ್ತರ ಕೊಡಸ್ರಿ, ನೋಟಿಸ್ ಕಪಾಟಿನ್ಯಾಗ ಇಟ್ಟು ಕುಂತ್ರ ಕೇಸ್ ಆಗ್ತದ.

ಎಲ್ಲಿಗಿ ಹೋಗ್ಬೇಕು ಅಂತ ಕೇಳೋರಿಗಿ: ಗ್ರಾಹಕರ ಕೋರ್ಟಿಗಿ ಹೋಗಬ್ಯಾಡ್ರಿ, 2024ರ ಮೇ 14ಕ್ಕ ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಕಾಯ್ದೆ ಕೆಳಗ ಬರಲ್ಲ ಅಂತ ತೀರ್ಪು ಕೊಟ್ಟಾದ. ಪರ್ಸೆಂಟ್ ಕೇಳೋದು, ಫೈಲ್ ಹಿಡಕೊಳ್ಳೋದು, ಲೆಕ್ಕ ಕೊಡದೇ ಇರೋದು, ಇಂಥಾ ದುರ್ನಡತೆಗಿ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗಿ ವಕೀಲರ ಕಾಯ್ದೆ 1961ರ ಕಲಂ 35ರ ಕೆಳಗ ದೂರು ಕೊಡಬಹುದು, ಅವರು ಛೀಮಾರಿ ಹಾಕಬಹುದು, ವಕೀಲಿ ಮಾಡೋ ಸನ್ನದು ಅಮಾನತ್ ಮಾಡಬಹುದು, ರದ್ದೂ ಮಾಡಬಹುದು. ಆದ್ರ ಫೀಸ್ ಎಷ್ಟು ಸರಿ ಅಂತ ಅಲ್ಲಿ ತೂಗಿ ಹೇಳಲ್ಲ. ಬರೇ ರೊಕ್ಕದ ತಕರಾರಿದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗಿ ಲೋಕ ಅದಾಲತ್ತಿಗಿ ಇಡ್ರಿ ಅಂತ ಅರ್ಜಿ ಕೊಡ್ರಿ, ಇಬ್ಬರೂ ಒಪ್ಪಿದ್ರ ಅಲ್ಲಿ ಆದ ರಾಜಿಗಿ ಕೋರ್ಟ್ ಡಿಕ್ರಿಯ ಬೆಲಿ ಇರ್ತದ. ಅದೇ ಪ್ರಾಧಿಕಾರದಾಗ ಹೆಣ್ಣುಮಕ್ಕಳಿಗಿ ಆದಾಯ ಎಷ್ಟೇ ಇರಲಿ ಪುಕ್ಕಟ ವಕೀಲರು ಸಿಗ್ತಾರ, 15100ಕ್ಕ ಫೋನ್ ಮಾಡಿದ್ರೂ ಹೇಳ್ತಾರ. ಬೀದರ್, ಯಾದಗಿರಿಯಿಂದ ಬಸ್ ಹತ್ತಿ ಬರೋ ಎಷ್ಟೋ ಹೆಣ್ಣುಮಕ್ಕಳಿಗಿ ಇದು ಗೊತ್ತೇ ಇಲ್ಲ, ತಾಳಿ ಅಡ ಇಟ್ಟು ಫೀಸ್ ತಂದಿರ್ತಾರ, ಹೊಟ್ಟಿ ಉರೀತದ.

ನಮ್ಮ ಆಫೀಸಿನ್ಯಾಗ ಈಗ ವಕಾಲತ್ತಿನ ಸಂಗಟ ಒಂದು ಹಾಳಿ ಬರೀತೀವಿ: ಅರ್ಜಿಗಿ ಎಷ್ಟು, ಸಾಕ್ಷಿ ಶುರುವಾದ್ರ ಎಷ್ಟು, ವಾದಕ್ಕ ಎಷ್ಟು, ಖರ್ಚು ಬ್ಯಾರೆ, ಹೈಕೋರ್ಟ್ ಕಲಬುರಗಿ ಪೀಠಕ್ಕ ಅಪೀಲ್ ಹೋದ್ರ ಅದು ಬ್ಯಾರೆ. ತೊಗರಿ ರಾಶಿ ಆದ ಮ್ಯಾಲ ಕೊಡ್ತೀನಿ ಅಂದ್ರ ಅದನ್ನೂ ಬರೀತೀವಿ. ಮೊದಲ ಹತ್ತು ವರ್ಷ ನಾನೂ ಬಾಯಿಮಾತಿಲೇ ಫೀಸ್ ಹೇಳ್ತಿದ್ದೆ, ಅದು ತಪ್ಪಿತ್ತು.

ಆ ತಂಗಿ ಗಂಡ ಇನ್ನೂ 6 ಲಕ್ಷದಾಗ ಒಂದು ರೂಪಾಯಿ ಕೊಟ್ಟಿಲ್ಲ. ಹೋದ ತಿಂಗಳು ಆರ್ಡರ್ ಜಾರಿ ಮಾಡಸ್ರಿ ಅಂತ ಅಮಲ್ಜಾರಿ ಅರ್ಜಿ ಹಾಕಿದ್ವಿ, ಫೈಲ್ ಕೈಯಾಗ ಇದ್ದಿದ್ದಕ್ಕ ಒಂದ ವಾರದಾಗ ಆಯ್ತು. ರೊಕ್ಕ ಬಂದ್ರ ನೇರ ಆಕಿ ಖಾತಿಗೇ ಬರ್ಬೇಕು ಅಂತ ಅರ್ಜಿಯೊಳಗೇ ಕೇಳೀವಿ. ವಕಾಲತ್ತಿಗಿ ಸೈ ಹಾಕೋ ಮುಂದ ನಮ್ಮ ಫೀಸಿನ ಹಾಳಿ ಆಕಿ ಮುಂದಿಟ್ಟೆ, ಸಾಲಿನ ಮ್ಯಾಲ ಬೆರಳಿಟ್ಟು ಪೂರ್ತಿ ಓದಿದ್ಳು, ಖರ್ಚು ಅಂದ್ರ ಏನೇನು ಅಂತ ಕೇಳಿದ್ಳು, ಆಮ್ಯಾಲ ಅಂದ್ಳು, "ಮೇಡಂ, ಇದರದೊಂದು ಝೆರಾಕ್ಸ್ ನನಗ ಕೊಡ್ರಿ."