ಏರಿ ರಸ್ತೆ ಕಟ್ಟಿದಾಗ ನೀರು ಎಲ್ಲಿಗೆ ಹೋಗಬೇಕು?

ಜೌಗು, ನೀರಿನ ಮೇಲೆ ಎತ್ತರಿಸಿ ಹಾಕಿದ ದಾರಿಯೇ ಏರಿ ರಸ್ತೆ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ 1970ರಲ್ಲಿ ಪೀಟ್ ಮಣ್ಣು (ಜೌಗಿನಲ್ಲಿ ಗಿಡಗಳು ಕೊಳೆತು ಆದ ಮಣ್ಣು) ಅಗೆಯುವಾಗ ಒಂದು ಗಟ್ಟಿ ಹಲಗೆ ಸಿಕ್ಕಿತು. ಅದರ ಜಾಡು ಹಿಡಿದು ಹೋದರೆ ಸುಮಾರು 2 ಕಿ.ಮೀ. ಉದ್ದದ ದಾರಿಯೇ ಇತ್ತು. ಮರದ ಉಂಗುರಗಳನ್ನು ಎಣಿಸಿ ಅದರ ಕಾಲ ಹಿಡಿದರು: ಕ್ರಿ.ಪೂ. 3807 ಅಥವಾ 3806. ಸ್ವೀಟ್ ಟ್ರ್ಯಾಕ್ ಅಂತ ಅದರ ಹೆಸರು. ಜೌಗಿನಲ್ಲಿ ಉದ್ದದ ಕಂಬ ಮಲಗಿಸಿ, ಎರಡೂ ಪಕ್ಕದಿಂದ ಗೂಟಗಳನ್ನು ಕತ್ತರಿಯಂತೆ ಓರೆಯಾಗಿ ಬಡಿದಿದ್ದರು. ಆ ಕತ್ತರಿಯ ಮೇಲೆ ಓಕ್ ಹಲಗೆ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಹಲಗೆಯ ಕೆಳಗೆ ನೀರು ತನ್ನ ಪಾಡಿಗೆ ತಾನು ಓಡಾಡಬಹುದಿತ್ತು.

ಮಣ್ಣು, ಕಲ್ಲು ಸುರಿದು ಏರಿ ಹಾಕಲು ಶುರುಮಾಡಿದ ಮೇಲೆ ತೊಂದರೆ ಬಂತು. ಕ್ರಿ.ಪೂ. 332ರಲ್ಲಿ ಟೈರ್ ದ್ವೀಪವನ್ನು ಹಿಡಿಯಲು ಅಲೆಕ್ಸಾಂಡರ್ ಸಮುದ್ರಕ್ಕೇ ಕಲ್ಲು ಸುರಿಸಿ ದಾರಿ ಮಾಡಿದ. ಮುತ್ತಿಗೆ ಏಳು ತಿಂಗಳಲ್ಲಿ ಮುಗಿಯಿತು. ದಾರಿ ಮಾತ್ರ ಉಳಿಯಿತು. ಅಲೆ ತಂದ ಮರಳು ಅದಕ್ಕೆ ತಡೆದು ನಿಂತು, ಎರಡೂ ಬದಿಗೆ ಕೂಡುತ್ತಾ ಹೋಯಿತು. ಇವತ್ತು ಲೆಬನಾನಿನ ಆ ಊರು ದ್ವೀಪವೇ ಅಲ್ಲ.

ಈ ವಿಷಯದಲ್ಲಿ ನನಗೆ ಮೆಕ್ಸಿಕೋದ ಅಜ್ಟೆಕ್ ಜನರ ಕೆಲಸ ತುಂಬಾ ಇಷ್ಟ. ಸರೋವರದ ನಡುವೆ ಇದ್ದ ತಮ್ಮ ರಾಜಧಾನಿ ಟೆನೋಚ್ಟಿಟ್ಲಾನ್‌ಗೆ ಅವರು ಹಾಕಿದ ಏರಿಗಳಲ್ಲಿ ಅಲ್ಲಲ್ಲಿ ಬಾಯಿ, ಅಂದರೆ ಖಾಲಿ ಜಾಗ, ಬಿಟ್ಟಿದ್ದರು. ಮೇಲೆ ಮರದ ಸೇತುವೆ. ಕೆಳಗೆ ದೋಣಿಯೂ ಹೋಗಬೇಕು, ನೀರೂ ಹೋಗಬೇಕು. ಶತ್ರು ಬಂದರೆ ಹಲಗೆ ತೆಗೆದರಾಯಿತು. 1520ರಲ್ಲಿ ರಾತ್ರೋರಾತ್ರಿ ಓಡಿಹೋಗಲು ನೋಡಿದ ಸ್ಪೇನ್ ಸೈನಿಕರು ಸಿಕ್ಕಿಬಿದ್ದದ್ದು ಇದೇ ಬಾಯಿಗಳಲ್ಲಿ.

ಬಾಯಿ ಸಾಲದೆ ಹೋದರೆ ಏನಾಗುತ್ತದೆ ಅಂತ ಮಳೆಗಾಲದಲ್ಲಿ ನೋಡಬೇಕು. ಒಂದು ಬದಿಯಲ್ಲಿ ನೀರು ತುಂಬಿ ನಿಂತಿರುತ್ತದೆ, ಇನ್ನೊಂದು ಬದಿ ಒಣಗಿರುತ್ತದೆ. ಮೋರಿಯ ಬಾಯಿಗೆ ಹೂಳು, ಕಸಕಡ್ಡಿ ಬಂದು ಕೂರುತ್ತದೆ. ಪ್ರವಾಹ ಜಾಸ್ತಿಯಾದರೆ ನೀರು ರಸ್ತೆಯನ್ನೇ ಹತ್ತಿ ಆಚೆ ಇಳಿಯುತ್ತದೆ. ಇಳಿಯುವಾಗ ಇಳಿಜಾರಿನ ಬುಡ ಕೊರೆಯುತ್ತದೆ. ಮೇಲೆ ಡಾಂಬರು ನೆಟ್ಟಗೇ ಕಾಣುತ್ತದೆ, ಕೆಳಗೆ ಮಣ್ಣೇ ಇರುವುದಿಲ್ಲ.

ಅಮೆರಿಕದ ದೊಡ್ಡ ಜೌಗು ಎವರ್‌ಗ್ಲೇಡ್ಸ್‌ನಲ್ಲಿ ನೀರು ಹರಿಯುವುದು ಸುಲಭಕ್ಕೆ ಕಣ್ಣಿಗೇ ಕಾಣುವುದಿಲ್ಲ. ಹತ್ತಾರು ಕಿ.ಮೀ. ಅಗಲಕ್ಕೆ ತೆಳ್ಳಗೆ ಹರಡಿಕೊಂಡು, ಹುಲ್ಲಿನ ನಡುವೆ ದಕ್ಷಿಣಕ್ಕೆ ಮೆಲ್ಲಗೆ ಸರಿಯುತ್ತದೆ. ಅದಕ್ಕೆ ಅಡ್ಡಲಾಗಿ 1928ರಲ್ಲಿ ಟಾಮಿಯಾಮಿ ಟ್ರೇಲ್ ರಸ್ತೆ ಬಂತು. ಪಕ್ಕದಲ್ಲೇ ಕಾಲುವೆ ತೋಡಿ, ಆ ಕಲ್ಲುಮಣ್ಣನ್ನೇ ರಸ್ತೆಗೆ ಹಾಕಿದರು. ಮೋರಿಗಳಿದ್ದವು. ಆದರೆ ಅಷ್ಟಗಲ ಬರುವ ನೀರನ್ನು ಕೆಲವು ತೂತುಗಳಲ್ಲಿ ತುರುಕಲು ಆಗುತ್ತದಾ? ದಕ್ಷಿಣದ ಜೌಗು ಒಣಗತೊಡಗಿತು. ರಸ್ತೆಯ ಒಂದು ಮೈಲಿಯನ್ನು ಸೇತುವೆ ಮಾಡಿ ನೀರಿಗೆ ಜಾಗ ಬಿಟ್ಟದ್ದು 2013ರಲ್ಲಿ. ಎಂಬತ್ತೈದು ವರ್ಷ ಕಾಯಬೇಕಾಯಿತು ಅನ್ನುವುದು ನನಗೆ ಬಹಳ ಸಂಕಟದ ವಿಷಯ.

ಅಮೆರಿಕದ್ದೇ ಆದ ಯೂಟಾ ರಾಜ್ಯದ ಉಪ್ಪುನೀರಿನ ಸರೋವರ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಅಡ್ಡ ನಿಂತದ್ದು ರೈಲಿನ ಏರಿ. 1904ರ ಮರದ ಸೇತುವೆಯ ಬದಲು 1959ರಲ್ಲಿ ಕಲ್ಲು ತುಂಬಿ ಕಟ್ಟಿದರು. ದೊಡ್ಡ ನದಿಗಳೆಲ್ಲ ಸೇರುವುದು ದಕ್ಷಿಣದ ಭಾಗಕ್ಕೆ. ಉತ್ತರಕ್ಕೆ ಸಿಹಿನೀರು ಸಿಗದೆ ಉಪ್ಪು ಏರಿತು. ಅಷ್ಟು ಉಪ್ಪಿನಲ್ಲೂ ಬದುಕುವ ಸೂಕ್ಷ್ಮಜೀವಿಗಳಿಂದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಆಕಾಶದಿಂದ ನೋಡಿದರೆ ಗೆರೆ ಎಳೆದ ಹಾಗೆ ಎರಡು ಬಣ್ಣ. 2016ರಲ್ಲಿ ಏರಿಯನ್ನು ಒಡೆದು ಒಂದು ಬಾಯಿ ಬಿಟ್ಟರು. ಆದರೆ 2022ರಲ್ಲಿ ಸರೋವರ ಹಿಂದೆಂದೂ ಇಲ್ಲದಷ್ಟು ಇಳಿಯಿತು. ದಕ್ಷಿಣದಲ್ಲೂ ಉಪ್ಪು ಹೆಚ್ಚಿ, ವಲಸೆ ಹಕ್ಕಿಗಳು ತಿನ್ನುವ ಪುಟ್ಟ ಸೀಗಡಿಗಳು ಸಾಯುವ ಭಯ ಬಂತು. ಉತ್ತರದ ಉಪ್ಪುನೀರು ಇತ್ತ ಬರದಿರಲಿ ಅಂತ ಅದೇ ಬಾಯಿಯಲ್ಲಿ ಕಲ್ಲಿನ ಒಡ್ಡನ್ನು ಎತ್ತರಿಸಲು 2023ರ ಫೆಬ್ರವರಿಯಲ್ಲಿ ಆದೇಶ ಹೊರಟಿತು.