ಮದರ್‌ಬೋರ್ಡಿನಲ್ಲಿ ಯಾವುದು ಎಲ್ಲಿದೆ, ಮೊದಲು ಅದನ್ನು ನೋಡಿ

ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಮದರ್‌ಬೋರ್ಡ್ ಕೊಳ್ಳಲು ಬರುವವರು ಚಿಪ್‌ಸೆಟ್ ಯಾವುದು, ರ‍್ಯಾಮ್ ಎಷ್ಟು ಹಾಕಬಹುದು, ಬೆಲೆ ಎಷ್ಟು ಅಂತ ಕೇಳುತ್ತಾರೆ. ಯಾವ ಸಾಕೆಟ್ ಎಲ್ಲಿದೆ ಅಂತ ಕೇಳುವವರು ಕಮ್ಮಿ. ಮಡಿಕೇರಿಯಲ್ಲಿ ಕಂಪ್ಯೂಟರ್ ಜೋಡಿಸಿ, ರಿಪೇರಿ ಮಾಡಿ ಬದುಕುವ ನಾನು ಮೊದಲು ನೋಡುವುದೇ ಅದನ್ನು. ನಮ್ಮ ಕಡೆ ಕ್ಯಾಬಿನೆಟ್ ಬಿಚ್ಚುವ ಕೆಲಸ ಜಾಸ್ತಿ. ಏಪ್ರಿಲ್-ಮೇನಲ್ಲಿ ಗುಡುಗು ಸಿಡಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ, ಜೊತೆಗೆ ಆಗಾಗ ಕೈಕೊಡುವ ಕರೆಂಟು. ಕೈ ಹೋಗದ ಬೋರ್ಡ್ ಆದರೆ ಹತ್ತು ನಿಮಿಷದ ಕೆಲಸ ಅರ್ಧ ದಿನ ಹಿಡಿಯುತ್ತದೆ.

ಡಬ್ಬಿಯ ಮೇಲಿನ ಫೋಟೋ ಖಾಲಿ ಬೋರ್ಡಿನದು. ಖಾಲಿ ಬೋರ್ಡ್ ಎಲ್ಲವೂ ಚೆಂದವೇ. ಪ್ರೊಸೆಸರ್ ತಣ್ಣಗಿಡುವ ಕೂಲರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಕೇಬಲ್ ಎಲ್ಲ ಕೂತ ಮೇಲೆ ಏನು ಕಾಣುತ್ತದೆ, ಏನು ಮುಚ್ಚಿಹೋಗುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ. ಇದಕ್ಕೆ ಬೋರ್ಡ್ ಕೈಯಲ್ಲಿ ಇರಬೇಕಾಗಿಲ್ಲ. ತಯಾರಕರ ವೆಬ್‌ಸೈಟಿನಲ್ಲಿ ಮ್ಯಾನುಯಲ್ ಪುಕ್ಕಟೆ ಸಿಗುತ್ತದೆ, ಅದರ ಮೊದಲ ಪುಟಗಳಲ್ಲೇ ಬೋರ್ಡಿನ ನಕ್ಷೆ ಇರುತ್ತದೆ. ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಿಂದಲೋ ತರಿಸುವವರು ದುಡ್ಡು ಕೊಡುವ ಮೊದಲೇ ಅದನ್ನು ನೋಡಿ. ಒಪ್ಪಿಗೆಯಾಗದ ಬೋರ್ಡನ್ನು ಇಲ್ಲಿಂದ ವಾಪಸ್ ಕಳಿಸುವ ತಲೆನೋವು ಬೇಡ ಅಲ್ವಾ?

ಅಳತೆಯ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯ ಬೋರ್ಡ್ 305 x 244 ಮಿಮೀ, ಅದರ ಚಿಕ್ಕ ರೂಪ ಮೈಕ್ರೋ ಎಟಿಎಕ್ಸ್ 244 x 244. ಸ್ಕ್ರೂ ತೂತು, ಹಿಂದಿನ ಪೋರ್ಟುಗಳ ಜಾಗ, ಸ್ಲಾಟುಗಳ ಸಾಲು ಇವೆಲ್ಲ ನಿಗದಿಯಾಗಿವೆ. ಉಳಿದದ್ದನ್ನು ತಯಾರಕರು ತಮಗೆ ಸರಿ ಕಂಡಲ್ಲಿ ಕೂರಿಸುತ್ತಾರೆ. ತಕರಾರು ಹುಟ್ಟುವುದು ಅಲ್ಲೇ.

ನಕ್ಷೆ ಸಿಕ್ಕಿದ ಕೂಡಲೇ ಪೆನ್ಸಿಲ್ ತಗೊಂಡು ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್ ಬರೆದುಬಿಡಿ. ಸ್ಲಾಟಿನಿಂದ ಸ್ಲಾಟಿಗೆ 20.32 ಮಿಮೀ ಅಂತರ. ಸಾಮಾನ್ಯ ಕಾರ್ಡ್ ಎರಡು ಸ್ಲಾಟಿನ ದಪ್ಪ, ದೊಡ್ಡವು ಮೂರು. ಅಂದರೆ ಅದು ಕೂರುವ ಉದ್ದನೆಯ ಎಕ್ಸ್16 ಸ್ಲಾಟಿನ ಕೆಳಗೇ ಇರುವ, ಸಣ್ಣ ಕಾರ್ಡುಗಳಿಗಾಗಿ ಇಟ್ಟ ಪುಟ್ಟ ಎಕ್ಸ್1 ಸ್ಲಾಟ್ ಮುಚ್ಚಿಹೋಗಿ ಹೆಸರಿಗೆ ಮಾತ್ರ ಉಳಿಯುತ್ತದೆ. ನಮ್ಮೂರಲ್ಲಿ ಇದು ಸಣ್ಣ ವಿಷಯವಲ್ಲ. ಸಿಡಿಲು ಬಡಿದ ಮೇಲೆ "ಅಣ್ಣ, ನೆಟ್ ಬರ್ತಿಲ್ಲ" ಅಂತ ಬರುವ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ಸುಟ್ಟಿರುವುದು ನೆಟ್ ಕೇಬಲಿನ ಕೆಲಸ ನೋಡುವ ಲ್ಯಾನ್ ಚಿಪ್ ಒಂದೇ. ಮನೆಗೆ ಫೈಬರ್ ಬಂದಿದ್ದರೂ ರೌಟರಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ. ರೌಟರಿನ ಅಡಾಪ್ಟರ್ ಕೂತಿರುವುದು ಕರೆಂಟಿನ ಪ್ಲಗ್‌ನಲ್ಲಿ. ಉಳಿದ ಬೋರ್ಡ್ ಚೆನ್ನಾಗಿದ್ದರೆ ಒಂದು ಎಕ್ಸ್1 ಲ್ಯಾನ್ ಕಾರ್ಡ್ ಹಾಕಿ ಬೋರ್ಡ್ ಉಳಿಸಬಹುದು, ಆದರೆ ಅದಕ್ಕೆ ಸ್ಲಾಟ್ ಖಾಲಿ ಇರಬೇಕು. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕೂಡ ನಡೆಯುತ್ತದೆ. ಆದರೆ ಹೋಮ್‌ಸ್ಟೇ ಕೌಂಟರಿನಲ್ಲಿ ಅದನ್ನು ಕಿತ್ತು ಯಾರೋ ಮೊಬೈಲ್ ಚಾರ್ಜಿಗೆ ಹಾಕಿರುತ್ತಾರೆ. ಆದ್ದರಿಂದ ಎಕ್ಸ್1 ಸ್ಲಾಟ್ ಎಕ್ಸ್16ಗಿಂತ ಮೇಲೆಯೋ, ಎರಡು ಮೂರು ಸ್ಥಾನ ಕೆಳಗೋ ಇರುವ ಬೋರ್ಡ್ ನನ್ನ ಆಯ್ಕೆ. ಅದಕ್ಕಾಗಿ ಬಣ್ಣದ ಲೈಟು ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಅದೇ ಪೆನ್ಸಿಲ್ ಗೆರೆಯ ಅಡಿಯಲ್ಲಿ ಇನ್ನೇನು ಸಿಕ್ಕಿಹಾಕಿಕೊಂಡಿದೆ ನೋಡಿ. ಮುಖ್ಯವಾಗಿ ದುಂಡನೆಯ ಸಿಆರ್2032 ಬ್ಯಾಟರಿ. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟು ಇರುವಾಗ ಬೋರ್ಡಿನ ಗಡಿಯಾರ ಎಸ್‌ಎಂಪಿಎಸ್‌ನಿಂದಲೇ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ನಡೆಯುತ್ತದೆ, ಬ್ಯಾಟರಿ ಸವೆಯುವುದಿಲ್ಲ. ನಾವು ಗುಡುಗು ಬಂದಾಗೆಲ್ಲ ಪ್ಲಗ್ ಕೀಳುವವರು. ಕೀಳಲೇಬೇಕು, ಬೇರೆ ದಾರಿಯಿಲ್ಲ. ಎಸ್ಟೇಟ್ ಆಫೀಸಿನ ಕಂಪ್ಯೂಟರ್ ಅಂತೂ ಮಳೆಗಾಲದಲ್ಲಿ ವಾರಗಟ್ಟಲೆ ಹಾಗೇ ಇರುತ್ತದೆ. ಆಗ ಭಾರವೆಲ್ಲ ಬ್ಯಾಟರಿಯದ್ದೇ. ಕಾಫಿ ಕುಯ್ಲಿನ ಹೊತ್ತಿಗೆ ರೈಟರ್ ಲೆಕ್ಕ ಬರೆಯಲು ಕೂತರೆ ತಾರೀಕು ಎಲ್ಲೋ ಹಿಂದಿನ ವರ್ಷದ್ದು ತೋರಿಸುತ್ತದೆ, ಬ್ಯಾಂಕಿನ ವೆಬ್‌ಸೈಟ್ ತೆರೆಯಲು ಬ್ರೌಸರ್ ತಕರಾರು ಮಾಡುತ್ತದೆ. ಬ್ಯಾಟರಿ ಬಯಲಲ್ಲಿದ್ದರೆ ಅವರೇ ಬದಲಿಸಬಹುದು. ಕಾರ್ಡಿನ ಅಡಿಯಲ್ಲಿದ್ದರೆ ನನಗೆ ಫೋನ್.

ಫೈಲುಗಳೆಲ್ಲ ಕೂರುವ, ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಯ ಸ್ಲಾಟ್ ಕೂಡ ಹೆಚ್ಚಾಗಿ ಅಲ್ಲೇ, ಕಾರ್ಡಿನ ಬಿಸಿಯ ಅಡಿಯಲ್ಲೇ ಇರುತ್ತದೆ. ಪ್ರೊಸೆಸರ್ ಮತ್ತು ಕಾರ್ಡಿನ ನಡುವೆ ಇದ್ದು, ಮೇಲೊಂದು ಬಿಸಿ ಹೀರುವ ಹೀಟ್‌ಸಿಂಕ್ ಇದ್ದರೆ ವಾಸಿ. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ತುಂಬಿದರೆ ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸುವ ಸಾಟಾ ಪೋರ್ಟುಗಳಲ್ಲಿ ಒಂದೆರಡು ಕೆಲಸ ನಿಲ್ಲಿಸುತ್ತವೆ. ನಕ್ಷೆಯಲ್ಲಿ ಇದು ಕಾಣುವುದಿಲ್ಲ, ಮ್ಯಾನುಯಲ್‌ನ ಸಣ್ಣಕ್ಷರ ಓದಬೇಕು. ಸಾಟಾ ಪೋರ್ಟುಗಳು ಅಂಚಿನಲ್ಲಿ ಮಲಗಿದಂತಿದ್ದರೆ ಒಳ್ಳೆಯದು. ನೆಟ್ಟಗೆ ನಿಂತಿದ್ದರೆ ಉದ್ದನೆಯ ಕಾರ್ಡ್ ಅವುಗಳ ಮೇಲೆಯೇ ಬಂದು ಕೂರುತ್ತದೆ.

ಮಳೆಗಾಲದಲ್ಲಿ ನನ್ನ ಬೆಂಚಿಗೆ ಜಾಸ್ತಿ ಬರುವುದು ಡಿಸ್‌ಪ್ಲೇ ಬಾರದ ಕಂಪ್ಯೂಟರುಗಳು. ತೇವಕ್ಕೆ ರ‍್ಯಾಮಿನ ಕಾಲುಗಳಲ್ಲಿ ಸಂಪರ್ಕ ಕೆಟ್ಟಿರುತ್ತದೆ. ತೆಗೆದು, ಒರೆಸಿ, ಮತ್ತೆ ಕೂರಿಸಿದರೆ ಸಾಕು. ಹಾಗಾಗಿ ರ‍್ಯಾಮ್ ಸ್ಲಾಟಿನ ಸುತ್ತ ಬೆರಳು ಆಡುವ ಜಾಗ ಬೇಕು. ಕ್ಲಿಪ್ ಎರಡೂ ಕಡೆ ತೆರೆದುಕೊಳ್ಳುವಂತಿದ್ದರೆ ಕೆಳಗಿನದು ಗ್ರಾಫಿಕ್ಸ್ ಕಾರ್ಡಿಗೆ ತಾಗುತ್ತದಾ ನೋಡಿ. ಒಂದೇ ಕಡೆ ಕ್ಲಿಪ್ ಇರುವ ಸ್ಲಾಟ್ ಈ ಕಿರಿಕಿರಿ ಕೊಡುವುದಿಲ್ಲ. ದೊಡ್ಡ ಕೂಲರ್ ಹಾಕುವವರು ಅದು ಮೊದಲ ಸ್ಲಾಟಿನ ಮೇಲೆ ಚಾಚುತ್ತದಾ ಅಂತಲೂ ನೋಡಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ರ‍್ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು, ಅದರಿಂದ ಸ್ವಲ್ಪ ಜಾಗವೂ ಸಿಗುತ್ತದೆ.

ಪ್ರೊಸೆಸರಿಗೆ ಕರೆಂಟು ಕೊಡುವ 8 ಪಿನ್ನಿನ ಸಾಕೆಟ್ ಮೇಲಿನ ಎಡಮೂಲೆಯಲ್ಲಿ ಇರುತ್ತದೆ. ಈ ಜಾಗ ಬದಲಿಸಲು ಆಗಲ್ಲ, ಕೂಲರ್ ಹಾಕುವ ಮುಂಚೆಯೇ ಕೇಬಲ್ ಸಿಕ್ಕಿಸಿಬಿಡಿ. ಅದರ ಪಕ್ಕದ, ಪ್ರೊಸೆಸರಿಗೆ ಬೇಕಾದ ವೋಲ್ಟೇಜ್ ಒದಗಿಸುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇದೆಯಾ ಗಮನಿಸಿ. ಆಫೀಸ್ ಕೆಲಸದ ಸಣ್ಣ ಪ್ರೊಸೆಸರಿಗೆ ಇಲ್ಲದಿದ್ದರೂ ನಡೆಯುತ್ತದೆ, ವಿಡಿಯೋ ಎಡಿಟಿಂಗ್ ಮಾಡುವವರಿಗೆ ಬೇಕೇ ಬೇಕು.

ಕೊನೆಗೆ ಬಲಗಡೆಯ ಅಂಚು. ಅಗ್ಗದ ಮೈಕ್ರೋ ಎಟಿಎಕ್ಸ್ ಬೋರ್ಡುಗಳ ಅಗಲ ಎಷ್ಟೋ ಸಲ 244 ಮಿಮೀ ಇರುವುದಿಲ್ಲ, 200 ಚಿಲ್ಲರೆಗೇ ನಿಲ್ಲುತ್ತದೆ. ಆಗ ಆ ಅಂಚಿಗೆ ಸ್ಕ್ರೂ ಆಧಾರವೇ ಇರುವುದಿಲ್ಲ. ಜೋರಾಗಿ ಒತ್ತಬೇಕಾದ ರ‍್ಯಾಮ್, 24 ಪಿನ್ನಿನ ಪವರ್ ಸಾಕೆಟ್ ಎರಡೂ ಇರುವುದು ಅಲ್ಲೇ. ಒತ್ತಿದರೆ ಬೋರ್ಡ್ ಬಾಗುತ್ತದೆ. ಅಂಥದ್ದನ್ನೇ ಕೊಂಡಿದ್ದರೆ ರ‍್ಯಾಮನ್ನು ಮೇಜಿನ ಮೇಲೆ, ಬೋರ್ಡ್ ಕ್ಯಾಬಿನೆಟ್ ಒಳಗೆ ಹೋಗುವ ಮೊದಲೇ ಹಾಕಿ. ಆಮೇಲೆ ಪವರ್ ಕೇಬಲ್ ಒತ್ತುವಾಗ ಎಡಗೈ ಬೆರಳು ಅಂಚಿನ ಅಡಿಗೆ ಕೊಟ್ಟಿರಿ.